ತಾಳಿಯಿಲ್ಲದ ಗಟ್ಟಿಮೇಳ

ಓಲಗದವರನ್ನು ಯಾರೂ ಸಾರ್ ಎಂದು ಕರೆಯುವುದಿಲ್ಲ. ಮದುವೆ ಮನೆಯಲ್ಲಿ ಅಡುಗೆಯವರಿಗೆ ‘ಭಟ್ರೇ’ ಎನ್ನುತ್ತಾರೆ, ಫೋಟೋದವನಿಗೆ ‘ಸಾರ್, ಇಲ್ಲೊಂದು ತೆಗೀರಿ’ ಎನ್ನುತ್ತಾರೆ, ಹೂವಿನ ಅಲಂಕಾರದವನೂ ‘ಅಣ್ಣ’ ಎನಿಸಿಕೊಳ್ಳುತ್ತಾನೆ. ನಾವು ಮಾತ್ರ ‘ಏ ಓಲಗ’. ‘ಓಲಗ ಎಲ್ಲಿ ಹಾಳಾಗೋಯ್ತು’, ‘ಓಲಗಕ್ಕೆ ಕಾಫಿ ಕೊಟ್ರಾ’. ಮೂವತ್ತು ವರ್ಷ ಸ್ಯಾಕ್ಸೋಫೋನ್ ಊದಿದ ಮೇಲೂ ನಾನು ಮನುಷ್ಯನಲ್ಲ, ಮದುವೆಯ ಸಾಮಾನುಗಳಲ್ಲಿ ಒಂದು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದೆ ನಾನು ಮಾಡಿದ ಕೆಲಸಕ್ಕೆ ಇದೇ ಕಾರಣ. ನೆಪ ಎಂದು ಬೇಕಾದರೂ ಅಂದುಕೊಳ್ಳಿ, ನನ್ನ ಹೆಂಡತಿ ಹಾಗೇ ಅನ್ನುವುದು.

ನಾವು ಕಾಮಾಕ್ಷಿಪಾಳ್ಯದವರು. ತಾತ ನಾಗಸ್ವರ ಊದುತ್ತಿದ್ದ. ಅಪ್ಪ ಅರ್ಧ ಆಯುಸ್ಸು ನಾಗಸ್ವರ ಊದಿ, ಹಲ್ಲು ಸಡಿಲವಾದ ಮೇಲೆ ಸ್ಯಾಕ್ಸೋಫೋನಿಗೆ ಬಂದ. ನಾನು ಸ್ಯಾಕ್ಸೋಫೋನ್, ನನ್ನ ತಮ್ಮ ಡೋಲು. ಎರಡು ಮನೆ, ನಡುವೆ ಒಂದು ಗೋಡೆ. ಅವನು ಆ ಕಡೆ ಕೆಮ್ಮಿದರೆ ಈ ಕಡೆ ನನ್ನ ಹೆಂಡತಿ ಕಷಾಯಕ್ಕೆ ನೀರಿಡುತ್ತಿದ್ದಳು.

ಅಪ್ಪ ನಮಗೆ ಎರಡು ಕಟ್ಟಳೆ ಬಿಟ್ಟುಹೋಗಿದ್ದ. ಒಂದು ಗಟ್ಟಿಮೇಳದ್ದು. ಧಾರೆ ಮುಗಿದು ಗಂಡು ತಾಳಿಯನ್ನು ಕೈಗೆತ್ತಿಕೊಂಡಾಗ ಪುರೋಹಿತರು ಬೆರಳೆತ್ತಿ ಆಡಿಸುತ್ತಾರೆ. ಜನರ ಗದ್ದಲದಲ್ಲಿ ಅವರ ಮಾತು ಕೇಳಿಸುವುದಿಲ್ಲ, ಬೆರಳು ಮಾತ್ರ ಕಾಣುತ್ತದೆ. ಅದು ಕಂಡ ಕೂಡಲೇ ಊದುತ್ತಿದ್ದ ರಾಗ ಎಲ್ಲಿದೆಯೋ ಅಲ್ಲೇ ಬಿಟ್ಟು, ಎದೆಯಲ್ಲಿರುವ ಉಸಿರನ್ನೆಲ್ಲ ಸುರಿದು ಜೋರಾಗಿ ಊದಬೇಕು, ಡೋಲಿನವನು ಕೈ ಸೋಲುವಂತೆ ಬಾರಿಸಬೇಕು. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ, ಅಪಶಕುನದ ಮಾತಾಡಿದರೆ ಅದು ಹುಡುಗಿಯ ಕಿವಿಗೆ ಬೀಳಬಾರದು ಎಂದು ಈ ಏರ್ಪಾಡು. ಅಪ್ಪ ಇದನ್ನು ನಮಗೆ ಊದಿಸಿ ಕಲಿಸಲೇ ಇಲ್ಲ. ಸದ್ದು ಹುಟ್ಟಿಸುವ ರೀಡು ಕಳಚಿದ ಸ್ಯಾಕ್ಸೋಫೋನನ್ನು ಕೈಗೆ ಕೊಟ್ಟು ‘ಬೆರಳು ಮಾತ್ರ ಆಡ್ಸು’ ಎನ್ನುತ್ತಿದ್ದ. ತಮ್ಮನಿಗೆ ಡೋಲಿನ ಬದಲು ಅವನದೇ ತೊಡೆ. ತಾಳಿ ಇಲ್ಲದ ಕಡೆ ಗಟ್ಟಿಮೇಳ ಏಳಬಾರದು, ಅಭ್ಯಾಸಕ್ಕೂ ಏಳಬಾರದು ಎಂಬುದು ಅವನ ಹಟ. ನನ್ನ ಗಟ್ಟಿಮೇಳ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಾದದ್ದೇ ಯಾರದೋ ಮದುವೆಯಲ್ಲಿ, ನಿಜವಾದ ತಾಳಿಗೆ ಊದಿದ ದಿನ.

ಎರಡನೆಯ ಕಟ್ಟಳೆ, ನಮ್ಮ ಮನೆ ಮದುವೆಗೆ ಹೊರಗಿನ ಓಲಗ ಕರೆಯಬಾರದು ಎಂಬುದು. ನನಗೆ ಮಕ್ಕಳಿಲ್ಲ. ತಮ್ಮನಿಗೆ ಒಬ್ಬಳೇ ಮಗಳು. ಆ ಕೂಸನ್ನು ಆಸ್ಪತ್ರೆಯಿಂದ ತಂದ ದಿನ ಅವನು ನನ್ನ ತೊಡೆಯ ಮೇಲೆ ಮಲಗಿಸಿ, ‘ಇವಳ್ ತಾಳಿಗೆ ನೀನೇ ಊದ್ಬೇಕು ಕಣಣ್ಣ. ಅವತ್ತು ನನ್ ಕೈ ನಡುಗ್ತಾವೆ, ಡೋಲು ಯಾರಿಗಾದ್ರೂ ಕೊಡಣ’ ಎಂದಿದ್ದ. ಅವಳು ಅಂಬೆಗಾಲು ಬಿಟ್ಟು ನಡೆಯುವಾಗಿನಿಂದ ನಾನು ಆ ದಿನಕ್ಕೆ ಉಸಿರು ಕೂಡಿಡುತ್ತಾ ಬಂದವನು. ಬೀಡಿ ಬಿಟ್ಟೆ. ಚಳಿಗಾಲದಲ್ಲಿ ತಣ್ಣೀರು ಮುಟ್ಟಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆಸ್ತಿಯಿಲ್ಲದ ನನಗೆ ಆ ಒಂದು ಹಕ್ಕೇ ಆಸ್ತಿ.

ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಕಲ್ಲು ಛತ್ರವಿದೆ. ಆ ಕಡೆಯ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಪೇಟೆಗೆ ಬರುವವರು ತಂಗಲೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಹದಿನಾರು ಕಂಬ, ನಡುವೆ ಬಿಸಿಲು ಬೀಳುವ ತೊಟ್ಟಿ. ಅಪ್ಪನ ಕಾಲದಲ್ಲಿ ಈ ಸುತ್ತಿನ ಮದುವೆಗಳೆಲ್ಲ ಅಲ್ಲೇ. ಕಾರು ನಿಲ್ಲಿಸಲು ಜಾಗವಿಲ್ಲ ಎಂದು ಜನ ದೊಡ್ಡ ಕಲ್ಯಾಣ ಮಂಟಪಗಳಿಗೆ ಹೋದರು, ಛತ್ರ ಪಾರಿವಾಳಗಳ ಪಾಲಾಯಿತು. ಹತ್ತಿರದ ನಿವಾಸಿಗಳು ಸೇರಿ ಅದನ್ನು ತೊಳೆದು, ಮುರಿದ ಬಾಗಿಲು ರಿಪೇರಿ ಮಾಡಿಸಿ, ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಜಾಝ್ ಸಂಗೀತ ಎಂದು ಶುರುಮಾಡಿದರು. ಇದನ್ನು ನಡೆಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ರಾಜಾಜಿನಗರದ ಒಬ್ಬ ಹಿರಿಯರು. ಬಾಸ್ ಗಿಟಾರ್ ನುಡಿಸುತ್ತಿದ್ದರು. ಅವರನ್ನು ನಾನು ಬ್ಯಾಂಕಿನವರು ಎಂದೇ ಕರೆಯುತ್ತೇನೆ.

ಬಸವೇಶ್ವರನಗರದಲ್ಲಿ ಒಂದು ಗೃಹಪ್ರವೇಶ. ಊದಿ ಮುಗಿಸಿ ಸ್ಯಾಕ್ಸೋಫೋನ್ ಒರೆಸುತ್ತಿದ್ದೆ. ಹಿಂದಿನಿಂದ ಬ್ಯಾಂಕಿನವರು ‘ಸಾರ್, ಒಂದ್ನಿಮಿಷ’ ಎಂದರು. ನಾನು ಯಾರನ್ನೋ ಕರೆಯುತ್ತಿದ್ದಾರೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಕರೆದದ್ದು ನನ್ನನ್ನೇ. ಜಾಝ್ ಎಂದರೇನು ಎಂದು ಅಲ್ಲೇ ನಿಂತು ವಿವರಿಸಿದರು. ‘ಮೊದ್ಲು ಎಲ್ಲರೂ ಸೇರಿ ಒಂದು ಪಲ್ಲವಿ ಥರ ನುಡಿಸ್ತೀವಿ ಸಾರ್. ಆಮೇಲೆ ಒಬ್ಬೊಬ್ಬರು ಮನಸ್ಸಿಗೆ ಬಂದಂಗೆ ಬೆಳೆಸೋದು, ಮಿಕ್ಕವರು ಜತೆಗಿರೋದು, ಕೊನೇಗೆ ವಾಪಸ್ ಪಲ್ಲವಿಗೆ ಬರೋದು.’

‘ಅದಕ್ಕೆ ಅಷ್ಟು ದೊಡ್ಡ ಹೆಸರ್ಯಾಕೆ ಸಾರ್, ಊಟದ ಪಂಕ್ತಿ ಹೊತ್ತಲ್ಲಿ ನಾವು ದಿನಾ ಮಾಡೋದು ಅದೇನೆ’ ಎಂದೆ. ಅವರು ನಕ್ಕು ಕೈ ಕುಲುಕಿ, ತಿಂಗಳ ಕೊನೆಯ ಭಾನುವಾರ ಛತ್ರಕ್ಕೆ ಊದಲು ಬನ್ನಿ ಎಂದರು.

ಆದರೆ ಅದೇ ಅಲ್ಲ ಎಂದು ಮೊದಲ ಭಾನುವಾರವೇ ಗೊತ್ತಾಯಿತು. ಅಲ್ಲಿ ಊದುವುದಕ್ಕಿಂತ ಊದದಿರುವುದು ಕಷ್ಟ. ಕೀಬೋರ್ಡ್ ನುಡಿಸುವ ಹೆಂಗಸು ತನ್ನ ಸರದಿಯಲ್ಲಿ ಹನಿ ಹನಿಯಾಗಿ ನುಡಿಸುವಾಗ ಸುಮ್ಮನೆ ಕೂತು ಕೇಳಬೇಕು. ಓಲಗದಲ್ಲಿ ಎರಡು ನಿಮಿಷ ನಿಲ್ಲಿಸಿದರೆ ಯಜಮಾನರು ಓಡಿಬಂದು ‘ಯಾಕ್ರೀ ನಿಲ್ಸಿದ್ರಿ’ ಎನ್ನುತ್ತಾರೆ. ನಾನು ಕಲಿತೆ. ಈ ವಯಸ್ಸಿನಲ್ಲಿ ಸುಮ್ಮನಿರುವುದನ್ನು ಕಲಿತೆ. ಅದೇ ಛತ್ರದಲ್ಲಿ ನಾನು ಅಪ್ಪನ ಪಕ್ಕ ಮೂಲೆಯ ಕಂಬದ ಬುಡದಲ್ಲಿ ಚಾಪೆ ಹಾಸಿ ಕೂತು, ಕಡೇ ಪಂಕ್ತಿ ಎದ್ದ ಮೇಲೆ ಉಳಿದ ಸಾರು ಉಂಡವನು. ಈಗ ನಡುಮಧ್ಯೆ ಕುರ್ಚಿ. ಎದುರಿಗೆ ಕೂತ ಜನ ನನ್ನ ಕಡೆಗೆ ಮುಖ ಮಾಡಿದ್ದರು. ಮದುವೆಯಲ್ಲಿ ಯಾರೂ ಓಲಗದ ಕಡೆ ಮುಖ ಮಾಡಿ ಕೂರುವುದಿಲ್ಲ. 

ತಮ್ಮ ಆ ದಿನ ಬಂದಿದ್ದ. ಖಾಲಿ ಕುರ್ಚಿ ಇದ್ದರೂ ಕಂಬಕ್ಕೆ ಒರಗಿ ನಿಂತೇ ಕೇಳಿದ. ಡೋಲು ಕಲ್ಲು ಗೋಡೆಗಳ ನಡುವೆ ತೀರಾ ಜೋರಾಗುತ್ತದೆ ಎಂದು ಬ್ಯಾಂಕಿನವರು ಅವನನ್ನು ಕರೆದಿರಲಿಲ್ಲ. ಅವನಿಗೆ ಅದರ ಬೇಸರವಿರಲಿಲ್ಲ. ‘ಚೆನ್ನಾಗಿತ್ತು ಕಣಣ್ಣ, ಅಪ್ಪ ಇರ್ಬೇಕಿತ್ತು’ ಎಂದು ನನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ಮನೆಗೆ ನಡೆದ.

ತಪ್ಪು ನಡೆದದ್ದು ನಾಲ್ಕನೆಯ ತಿಂಗಳು. ಕೀಬೋರ್ಡಿನವರು ಬಹಳ ನಿಧಾನದ ಒಂದು ರಾಗ ಹಿಡಿದಿದ್ದರು, ಡ್ರಮ್ಮಿನವನು ಕುಂಚದಂಥ ಕಡ್ಡಿಯಿಂದ ಸವರುತ್ತಿದ್ದ. ನಾನು ಸ್ಯಾಕ್ಸೋಫೋನನ್ನು ತುಟಿಯ ಬಳಿ ಹಿಡಿದು ಸರದಿಗೆ ಕಾಯುತ್ತಿದ್ದೆ. ಎರಡನೆಯ ಸಾಲಿನಲ್ಲಿ ಒಬ್ಬರು ಅಜ್ಜಿ, ಎದ್ದು ಓಡಾಡುತ್ತಿದ್ದ ಮೊಮ್ಮಗುವಿಗೆ ಕೂರು ಎಂದು ಹೇಳಲು ಬೆರಳೆತ್ತಿ ಆಡಿಸಿದರು. ನನ್ನ ತಲೆಗೆ ಅದು ಹೋಗಲೇ ಇಲ್ಲ, ನೇರ ಎದೆಗೆ ಹೋಯಿತು. ಗಟ್ಟಿಮೇಳ ಊದಿಬಿಟ್ಟೆ. ಅರ್ಧಂಬರ್ಧವಲ್ಲ, ಪೂರ್ತಿ, ಕಂಬಗಳು ಅದುರುವಂತೆ. ಕೀಬೋರ್ಡಿನವರು ಬೆಚ್ಚಿ ಕೈ ತೆಗೆದರು. ಡ್ರಮ್ಮಿನವನು ಇದೇನೋ ಹೊಸದು ಎಂದುಕೊಂಡು ಕಡ್ಡಿ ಬದಲಾಯಿಸಿ ಜತೆಗೆ ಬಾರಿಸಿದ.

ಊದಿ ನಿಲ್ಲಿಸಿದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.  ಆಮೇಲೆ ಹಿಂದಿನಿಂದ ಯಾರೋ ‘ಗುರು, ಮದ್ವೆ ಯಾರ್ದು?’ ಎಂದರು. ಇಡೀ ಛತ್ರ ಬಿದ್ದು ಬಿದ್ದು ನಕ್ಕಿತು. ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬರು ಪ್ಯಾಕೆಟ್ಟಿನ ಪುರಿಯನ್ನು ಅಕ್ಷತೆಯಂತೆ ನನ್ನ ಮೇಲೆ ಎರಚಿದರು. ಯಾರೋ ಫೋನಿನಲ್ಲಿ ಎಲ್ಲವನ್ನೂ ಹಿಡಿದಿದ್ದರು. ನಾಲ್ಕೇ ದಿನದಲ್ಲಿ ಅದು ಕಂಡಕಂಡವರ ಫೋನು ಸೇರಿತು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮುಖ ನೋಡಿ, ‘ಸಾರ್, ಗಟ್ಟಿಮೇಳದೋರು ನೀವೇ ಅಲ್ವಾ’ ಎಂದ. ಸಾರ್ ಎಂದ.

ಮುಂದಿನ ತಿಂಗಳು ಬ್ಯಾಂಕಿನವರು ಸಂಕೋಚದಿಂದಲೇ ಕೇಳಿದರು. ‘ಜನ ಅದನ್ನ ನೋಡಕ್ಕೇ ಬಂದಿದಾರೆ ಸಾರ್. ಕೊನೇಲಿ ಒಂದ್ಸಲ… ನಿಮಗೆ ಅಭ್ಯಂತರ ಇಲ್ದಿದ್ರೆ.’ ಅಭ್ಯಂತರ ಇದೆ ಎಂದಿದ್ದರೆ ಅವರು ಇನ್ನೊಮ್ಮೆ ಕೇಳುವವರಲ್ಲ. ನನ್ನ ಬಾಯಿಗೆ ಆ ಮಾತು ಬರಲಿಲ್ಲ. ಅಪ್ಪನ ರೀಡಿಲ್ಲದ ಸ್ಯಾಕ್ಸೋಫೋನ್ ನೆನಪಾಯಿತು, ಆ ನೆನಪನ್ನು ಪಕ್ಕಕ್ಕಿಟ್ಟು ಊದಿದೆ. ಆಮೇಲೆ ಪ್ರತಿ ತಿಂಗಳೂ ಅದೇ. ಕೇಳಲು ಬಂದ ನಡುವಯಸ್ಸಿನ ಗಂಡಹೆಂಡತಿ ಹಾರ ತಂದುಕೊಂಡು ಮದುಮಕ್ಕಳಂತೆ ಎದ್ದು ನಿಲ್ಲುತ್ತಿದ್ದರು, ನಾನು ಬೇಕೆಂದೇ ತಡಮಾಡಿ, ಕಣ್ಣು ಮಿಟುಕಿಸಿ, ಕೊನೆಯ ಸ್ವರವನ್ನು ಕತ್ತೆ ಕೂಗಿದಂತೆ ಎಳೆದು ಬಿಡುತ್ತಿದ್ದೆ. ಆ ಎಳೆತಕ್ಕೆ ನಗು. ‘ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ’ ಎಂದು ನನ್ನ ಹೆಂಡತಿ ಇಸ್ತ್ರಿ ಮಾಡಿದ ಶರಟನ್ನು ನನ್ನ ಮುಂದೆ ಎಸೆದಳು. ನಾನು ಅದನ್ನೇ ಹಾಕಿಕೊಂಡು ಹೋದೆ.

ಆ ದಿನಗಳಲ್ಲೇ ತಮ್ಮನ ಮಗಳಿಗೆ ಗಂಡು ಗೊತ್ತಾದದ್ದು. ಹುಡುಗಿ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದಳು. ಹುಡುಗ ಲಗ್ಗೆರೆಯವನು, ಪೀಣ್ಯದ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ನಿಶ್ಚಿತಾರ್ಥಕ್ಕೆ ನಾನು ಊದಿದೆ, ತಮ್ಮ ಬಾರಿಸಿದ. ಎಲ್ಲ ನೆಟ್ಟಗಿದ್ದಂತೆಯೇ ಕಾಣುತ್ತಿತ್ತು. ಎರಡು ದಿನ ಬಿಟ್ಟು ಅವನು ನಮ್ಮ ಮೆಟ್ಟಿಲ ಮೇಲೆ ಬಂದು ಕೂತ. ಡೋಲಿನ ಹಗ್ಗವನ್ನು ಕೈಯಲ್ಲಿ ತಿರುವುತ್ತಿದ್ದ.

‘ಮೊದಲ್ನೇ ಸಲ ಬಾಯ್ ತಪ್ಪಿ ಬಂತು. ಬಿಡು. ನಾನಿದ್ದಿದ್ರೆ ನನ್ ಕೈಯೂ ಹಂಗೇ ಏಳೋದು’ ಎಂದ. ‘ಎರಡ್ನೇ ಸಲ ಊದಿದ್ಯಲ್ಲ ಅಣ್ಣ, ಅದಕ್ಕೇನಂತೀಯ?’

 ಉತ್ತರವಿಲ್ಲದವನಿಗೆ ಸಿಟ್ಟು ಬೇಗ ಬರುತ್ತದೆ. ‘ಅವರು ನಿನ್ನ ಕರೀಲಿಲ್ಲ ಅಂತ ಹೊಟ್ಟೆಕಿಚ್ಚು ಕಣೋ ನಿಂಗೆ’ ಎಂದುಬಿಟ್ಟೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿಯ ಕೈಯ ಸದ್ದು ನಿಂತಿತು. ತಮ್ಮ ಹಗ್ಗ ಸುತ್ತಿಕೊಂಡು ಎದ್ದ. ‘ಆಯ್ತಣ್ಣ’ ಎಂದಷ್ಟೇ ಹೇಳಿ ತನ್ನ ಮನೆಗೆ ಹೋದ. ಅದಾದ ಮೇಲೆ ಎರಡು ಮದುವೆಗೆ ಜತೆಯಲ್ಲೇ ನುಡಿಸಿದೆವು. ಅವನು ತಾಳ ತಪ್ಪಲಿಲ್ಲ, ನನ್ನ ಮುಖವನ್ನು ನೋಡಲೂ ಇಲ್ಲ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ನನಗೆ ಎಷ್ಟು ಅವಕಾಶವಿತ್ತು. ಗೋಡೆಯ ಆಚೆಗೆ ಹೋಗಿ ‘ತಪ್ಪಾಯ್ತು ಕಣೋ’ ಎನ್ನಲು ಎಂಟು ಹೆಜ್ಜೆ. ಹೋಗಲಿಲ್ಲ.

ಮದುವೆಗೆ ಒಂದು ತಿಂಗಳಿರುವಾಗ ಹುಡುಗಿಯೇ ಬಂದಳು. ಸಂಜೆ, ಅಂಗಡಿಯಿಂದ ನೇರ ನಮ್ಮ ಮನೆಗೆ, ಊಟದ ಚೀಲ ಇನ್ನೂ ಹೆಗಲಲ್ಲೇ ಇತ್ತು. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

‘ದೊಡ್ಡಪ್ಪ, ನಾನ್ ಬಂದಿದ್ದು ಅಪ್ಪಂಗೆ ಹೇಳ್ಬೇಡಿ.’

‘ಹೇಳಲ್ಲ. ಏನವ್ವ?’

‘ಲಗ್ಗೆರೇಲಿ ಅವರ ಮನೇಲಿ ಎಲ್ಲಾರೂ ನಿಮ್ ವಿಡಿಯೋ ನೋಡವ್ರೆ. ಅವರ ಫ್ರೆಂಡ್ಸೂ ನೋಡವ್ರೆ. ಮದ್ವೇಲಿ ಹಂಗೇ ಊದಕ್ಕೆ ಹೇಳು, ಸಕತ್ತಾಗಿರುತ್ತೆ ಅಂತ ದಿನಾ ಮೆಸೇಜ್ ಮಾಡ್ತಾರೆ.’

‘ಥೂ, ನಿನ್ ಮದ್ವೇಲಿ ಹಂಗೆ ಊದ್ತೀನಾ ಕಣೇ. ನೆಟ್ಟಗೆ ಊದ್ತೀನಿ. ತಾತ ಹೇಳ್ಕೊಟ್ಟಂಗೆ ಊದ್ತೀನಿ.’

ಅವಳು ತಲೆ ಅಲ್ಲಾಡಿಸಿದಳು. ‘ನೀವು ನೆಟ್ಟಗೆ ಊದಿದ್ರೂ ನಗ್ತಾರೆ ದೊಡ್ಡಪ್ಪ. ನಿಮ್ಮ ಕೈಯಲ್ಲಿ ಅದನ್ನ ನೋಡಿದ್ರೇನೇ ನಗ್ತಾರೆ. ಕಾಯ್ಕೊಂಡಿದಾರೆ.’ ಆಮೇಲೆ ಲೋಟವನ್ನು ನೋಡುತ್ತಲೇ ಹೇಳಿದಳು. ‘ನಂಗೆ ತಾಳಿ ಕಟ್ಟೋ ಹೊತ್ತಲ್ಲಿ ಯಾರೂ ನಗಬಾರದು.’

ನನ್ನ ಹೆಂಡತಿ ಅವಳ ಪಕ್ಕಕ್ಕೆ ಹೋಗಿ ಕೂತಳು, ನನ್ನ ಪಕ್ಕಕ್ಕಲ್ಲ. ನಾನು, ಹಾಗಾದರೆ ನಿಮ್ಮಪ್ಪ ಮಾಗಡಿ ಕಡೆಯ ಓಲಗದ ಸೆಟ್ ಕರೆಸಲಿ, ಒಳ್ಳೆಯವರಿದ್ದಾರೆ ಎಂದೆ. 

‘ನಾನೂ ಅದೇ ಅಂದೆ. ಅಪ್ಪ ಒಪ್ಪಲಿಲ್ಲ’ ಎಂದಳು. ‘ನಮ್ಮಣ್ಣ ಬದುಕಿರುವಾಗ ಇನ್ನೊಬ್ಬನ್ನ ಕರೆಸಿ ಅವನ ಮುಂದೆ ಕೂರ್ಸಲ್ಲ ಅಂದ್ರು. ಓಲಗಾನೇ ಬೇಡ, ಸ್ಪೀಕರಲ್ಲಿ ಹಾಕ್ಕೊಳಣ ಅಂದವ್ರೆ.’

ನಾನು ಬಾಯಿಗೆ ಬಂದದ್ದನ್ನು ಅಂದವನು. ಅವನು ನನ್ನ ಮಾನ ಕಾಯುತ್ತಿದ್ದ. 

ಮರುದಿನ ಬ್ಯಾಂಕಿನವರ ಮನೆಗೆ ಹೋಗಿ, ಅಪ್ಪನ ಕಟ್ಟಳೆ ಹೇಳಿ, ಆ ವಿಡಿಯೋ ಎಲ್ಲ ಕಡೆಯಿಂದ ಅಳಿಸಿಬಿಡಿ ಎಂದು ಕೇಳಿಕೊಂಡೆ. ಪಾಪ, ಅವರು ಎದ್ದುನಿಂತು ಫೋನು ತೆಗೆದರು, ತಮ್ಮದನ್ನು ಅಳಿಸಿದರು, ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದರು. ‘ನಮ್ಮದು ಇಳಿಸಿದೆ ಸಾರ್. ಆದ್ರೆ ಜನದ ಕೈಲಿರೋದು…’ ಎಂದು ಕೈಚೆಲ್ಲಿದರು. ನಿಮಗೆ ಆ ನಿಯಮ ಇರೋದು ನನಗೆ ಗೊತ್ತೇ ಇರಲಿಲ್ಲ, ಹೇಳಬಾರದಿತ್ತಾ ಎಂದರು. ಹೌದು, ಹೇಳಬಹುದಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರದೇನೂ ತಪ್ಪಿರಲಿಲ್ಲ, ಅದೊಂದು ಕಷ್ಟ. ಆ ಭಾನುವಾರ ಛತ್ರದಲ್ಲಿ ಗಟ್ಟಿಮೇಳ ಊದಲಿಲ್ಲ. ‘ಒನ್ಸ್ ಮೋರ್’ ಎಂದು ಕೂಗಿದರು, ಒಬ್ಬಿಬ್ಬರು ಗೊಣಗಿಕೊಂಡು ಎದ್ದುಹೋದರು. ನಾನು ಸ್ಯಾಕ್ಸೋಫೋನ್ ಪೆಟ್ಟಿಗೆಗೆ ಹಾಕಿ ಕೂತೆ.

ಮದುವೆ ಬ್ಯಾಡರಹಳ್ಳಿಯ ಒಂದು ಪಾರ್ಟಿ ಹಾಲಿನಲ್ಲಿ. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಹುಡುಗಿಯ ದೊಡ್ಡಪ್ಪ, ರೇಷ್ಮೆ ಪಂಚೆ, ಶಲ್ಯ. ಬೀಗರ ಕಡೆಯವರು ಬಂದು ಬಂದು ‘ಸಾರ್ ತಿಂಡಿ ಆಯ್ತಾ, ಸಾರ್ ಜ್ಯೂಸ್ ತಗೊಳಿ’ ಎಂದರು. ಆ ಸಾರ್ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಮದುವೆ ಮನೆಯಲ್ಲಿ ಖಾಲಿ ಕೈಯಲ್ಲಿ ಕೂತು ನನಗೆ ಅಭ್ಯಾಸವಿಲ್ಲ. ಬೆರಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಚೆಯ ಅಂಚನ್ನು ಹಿಸುಕುತ್ತಿದ್ದೆ. ಹೆಂಡತಿ ನೋಡಿ ನನ್ನ ಅಂಗೈಯಲ್ಲಿ ಅಕ್ಷತೆ ತುಂಬಿದಳು.

ಧಾರೆಯಾಯಿತು. ತಮ್ಮ ಮಂಟಪದಲ್ಲಿ ಮಗಳ ಹಿಂದೆ ನಿಂತಿದ್ದ. ಹುಡುಗನ ಗೆಳೆಯನೊಬ್ಬ ಸ್ಪೀಕರಿಗೆ ಜೋಡಿಸಿದ ಫೋನು ಹಿಡಿದು ಪುರೋಹಿತರನ್ನೇ ನೋಡುತ್ತಿದ್ದ. ಅವರು ಬೆರಳೆತ್ತಿದರು, ಅವನು ಒತ್ತಿದ. ಯಾರದೋ ಓಲಗ, ಎಲ್ಲಿಯದೋ ರೆಕಾರ್ಡಿಂಗು, ಇಡೀ ಹಾಲ್ ತುಂಬ ಮೊಳಗಿತು. ಹುಡುಗ ಮೊದಲ ಗಂಟು ಹಾಕಿದ. ಅಷ್ಟರಲ್ಲಿ ಆ ಫೋನಿಗೆ ಯಾರದೋ ಕರೆ ಬಂತು. ಗಟ್ಟಿಮೇಳ ನಿಂತು ಒಂದು ಸಲ ಟ್ರಿಂಗ್ ಎಂದಿತು. ಆ ಗೆಳೆಯ ಗಾಬರಿಯಲ್ಲಿ ಏನನ್ನೋ ಒತ್ತಿದ, ಎಲ್ಲವೂ ನಿಂತುಹೋಯಿತು.

ಎರಡನೆಯ ಗಂಟು, ಮೂರನೆಯ ಗಂಟು. ಹಾಲಿನಲ್ಲಿ ಒಂದು ಸದ್ದಿಲ್ಲ. ಆ ನಿಶ್ಶಬ್ದದಲ್ಲಿ ನನ್ನ ತಮ್ಮ ಬಿಕ್ಕಿದ.

ಎಷ್ಟು ಮದುವೆಗಳಲ್ಲಿ ನಾನು ಮೂಲೆಯಲ್ಲಿ ಕೂತು ಹೆಣ್ಣಿನ ತಂದೆಯ ಮುಖವನ್ನು ನೋಡಿದ್ದೇನೆ. ಆ ಕ್ಷಣದಲ್ಲಿ ಬಾಯಿ ಸೊಟ್ಟಗಾಗುತ್ತದೆ, ಭುಜ ಕುಲುಕುತ್ತದೆ. ಸದ್ದು ಮಾತ್ರ ಎಂದೂ ಕೇಳಿರಲಿಲ್ಲ, ಏಕೆಂದರೆ ನಾನು ಊದುತ್ತಿದ್ದೆ. ಗಟ್ಟಿಮೇಳ ಇರುವುದು ಯಾರದೋ ಸೀನು ಮುಚ್ಚಲು ಎಂದುಕೊಂಡಿದ್ದೆ. ಇದನ್ನು ಮುಚ್ಚುತ್ತಿದ್ದೆ. ಗಂಡಸು ಮಗುವಿನಂತೆ ಅಳುವ ಸದ್ದು ಪುರೋಹಿತರ ಮುಂದಿದ್ದ ಮೈಕಿನಲ್ಲಿ ಹಾಲಿನ ಕೊನೆಯವರೆಗೂ ಹೋಯಿತು. ಒಮ್ಮೆ ಅಲ್ಲ, ಮೂರು ಸಲ, ತಡೆಯಲು ನೋಡಿ ತಡೆಯಲಾಗದೆ. ತಾಳಿ ಕಟ್ಟಿಸಿಕೊಳ್ಳುತ್ತಿದ್ದ ಹುಡುಗಿ ಕತ್ತು ತಿರುಗಿಸಿದಳು. ಬೀಗರು, ಅಡುಗೆಯವರು, ಬಾಗಿಲ ಬಳಿಯ ಹುಡುಗರು, ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಅವನು ಶಲ್ಯವನ್ನು ಬಾಯಿಗೆ ಒತ್ತಿಕೊಂಡು ಜನರ ನಡುವೆ ಹುಡುಕಿ ನನ್ನ ಕಡೆ ನೋಡಿದ. ನಾನು ಎದ್ದು ನಿಂತಿದ್ದೆ. ಎದೆಯ ತುಂಬ ಉಸಿರಿತ್ತು. ಕೈಯಲ್ಲಿ ಅಕ್ಷತೆ ಬಿಟ್ಟರೆ ಏನೂ ಇರಲಿಲ್ಲ.